ಸಾವಿರ ಪ್ರತಿಗಳ ಕಾದಂಬರಿ, ಹತ್ತು ಲಕ್ಷ ಪದಗಳ ಆಟ



ಮೂವತ್ತು ವರ್ಷಗಳಿಗೂ ಮಿಕ್ಕು ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದ ನಾನು ಇಂದು ನಿಮ್ಮ ಮುಂದೆ ಒಂದು ವಿಡಿಯೋ ಗೇಮಿನ ವಿಚಾರ ಹೇಳಲು ಕುಳಿತಿದ್ದೇನೆಂದರೆ ನಿಮಗೆ ಆಶ್ಚರ್ಯವಾದೀತು. ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ಮಾತನಾಡಬೇಕಾದವನಿಗೆ ಈ ಅಧಿಕಪ್ರಸಂಗವೇಕೆ ಎಂದು ಕೆಲವರಾದರೂ ಕೇಳಿಯಾರು. ನಾನೇ ಕೇಳಿಕೊಂಡದ್ದೂ ಉಂಟು. ಕಂಪ್ಯೂಟರಿನ ತೆರೆಯ ಮೇಲಣ ಆಟವೆಂದರೆ ಗುಂಡು ಹಾರಿಸುವುದು, ಗಾಡಿ ಓಡಿಸುವುದು, ಅಂಕ ಗಳಿಸುವುದು, ಮಕ್ಕಳ ನಿದ್ದೆ ಕೆಡಿಸುವುದು, ಇಷ್ಟೇ ಎಂದು ಬಹುಕಾಲ ನಂಬಿದ್ದವರಲ್ಲಿ ನಾನೂ ಒಬ್ಬ.

ಕೆಲವು ಕಾಲದ ಹಿಂದೆ, ಮಳೆಗಾಲದಲ್ಲಿ, ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಬಿ.ಎಸ್‌ಸಿ. ತರಗತಿಯಲ್ಲಿ ನನ್ನ ಭಾಷಾಪಾಠ ಕೇಳಿದವನು. ಈಗ ಬೆಂಗಳೂರಿನಲ್ಲಿ ಕಂಪ್ಯೂಟರಿನ ಕೆಲಸದಲ್ಲಿದ್ದಾನೆ. ಹೊರಡುವಾಗ ತನ್ನ ಹಳೆಯ ಲ್ಯಾಪ್‌ಟಾಪನ್ನು ನನ್ನ ಮೇಜಿನ ಮೇಲೆ ಇಟ್ಟು, "ಸಾರ್, ಇದರಲ್ಲಿ ಒಂದು ಆಟ ಇದೆ. ಆಡಬೇಡಿ, ಓದಿ. ಅವಸರವಿಲ್ಲ" ಎಂದು ಹೇಳಿ ಹೋದ. ಶಿಷ್ಯನ ಮಾತನ್ನು ತೆಗೆದುಹಾಕಲಾರದೆ ತೆರೆದೆ. ಆಮೇಲೆ ಒಂದು ತಿಂಗಳು, ಸಂಜೆಯ ನನ್ನ ಓದೆಲ್ಲ ಅದೇ ಆಯಿತು.

ಆಟದ ಹೆಸರು 'ಡಿಸ್ಕೊ ಎಲಿಸಿಯಂ'. ಅದನ್ನು ರಚಿಸಿದ್ದು 'ಝಾ/ಉಮ್' ಎಂಬ ವಿಚಿತ್ರ ಹೆಸರಿನ ಒಂದು ಸ್ವತಂತ್ರ ಸ್ಟುಡಿಯೊ. ಸ್ವತಂತ್ರ ಸ್ಟುಡಿಯೊ ಎಂದರೆ, ದೊಡ್ಡ ಪ್ರಕಾಶನ ಸಂಸ್ಥೆಗಳ ಹಂಗಿಲ್ಲದೆ ತಾನೇ ಆಟ ಕಟ್ಟಿ ತಾನೇ ಹೊರತರುವ ಸಣ್ಣ ತಂಡ ಎಂದು ಸ್ಥೂಲವಾಗಿ ಹೇಳಬಹುದು. ಈ ತಂಡವನ್ನು ಕಟ್ಟಿದವರು ಎಂಜಿನಿಯರುಗಳಲ್ಲ. ಬರಹಗಾರರು, ಚಿತ್ರಕಾರರು, ಅವರ ಗೆಳೆಯರು. ಆದ್ದರಿಂದ ಇದರ ಏಳಿಗೆಯ ಕಥೆ ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೂ ಸಂಬಂಧಪಟ್ಟದ್ದೆಂದು ಭಾವಿಸಿ ಈ ಮಾತುಗಳನ್ನಾಡುತ್ತಿದ್ದೇನೆ.

ಕಥೆ ಆರಂಭವಾಗುವುದು ಬಾಲ್ಟಿಕ್ ಸಮುದ್ರದ ದಡದಲ್ಲಿರುವ ಎಸ್ಟೋನಿಯಾ ದೇಶದಲ್ಲಿ. ಅಲ್ಲಿಯ ಜನಸಂಖ್ಯೆ ೧೩ ಲಕ್ಷಕ್ಕೆ ಸ್ವಲ್ಪ ಮೇಲು. ನಮ್ಮ ಒಂದು ಸಾಧಾರಣ ಜಿಲ್ಲೆಯಷ್ಟೂ ಇಲ್ಲ. ಅವರ ಭಾಷೆ ಫಿನ್ನಿಷಿನ ಹತ್ತಿರದ ನಂಟು; ಸುತ್ತಲಿನ ರಷ್ಯನ್, ಜರ್ಮನ್ ಭಾಷೆಗಳ ಕುಲಕ್ಕೆ ಸೇರಿದ್ದಲ್ಲ. ೧೯೧೮ರಲ್ಲಿ ಸ್ವಾತಂತ್ರ್ಯ ಸಾರಿದ ಈ ನಾಡು ೧೯೪೦ರಲ್ಲಿ ಅದನ್ನು ಕಳೆದುಕೊಂಡು, ಸೋವಿಯತ್ ಆಳ್ವಿಕೆ, ಜರ್ಮನ್ ಆಕ್ರಮಣ, ಮತ್ತೆ ಸೋವಿಯತ್ ಆಳ್ವಿಕೆ, ಇವೆಲ್ಲವನ್ನೂ ಕಂಡು ೧೯೯೧ರಲ್ಲಿ ಪುನಃ ಸ್ವತಂತ್ರವಾಯಿತು. ಆ ವರ್ಷ, ರಾಜಧಾನಿ ತಾಲಿನ್‌ನಲ್ಲಿ ಹುಟ್ಟಿದ ರಾಬರ್ಟ್ ಕುರ್ವಿಟ್ಸ್‌ನಿಗೆ ಏಳು ವರ್ಷ. ಒಂದು ವ್ಯವಸ್ಥೆ ಕುಸಿದು ಇನ್ನೊಂದು ಬಂದು ನಿಂತದ್ದನ್ನು ಎಳೆಯ ಕಣ್ಣುಗಳಿಂದ ನೋಡಿದ ತಲೆಮಾರು ಅದು.

ಕುರ್ವಿಟ್ಸ್ ಹಾಡುಗಾರ, ಬರಹಗಾರ. ಅವನ ಗೆಳೆಯ ಅಲೆಕ್ಸಾಂಡರ್ ರೊಸ್ತೋವ್ ಚಿತ್ರಕಾರ. ೨೦೦೫ರ ಸುಮಾರಿಗೆ, ಇಪ್ಪತ್ತರ ಆಸುಪಾಸಿನ ಈ ಹುಡುಗರ ಗುಂಪು ಒಂದು ಕಲ್ಪಿತ ಪ್ರಪಂಚವನ್ನು ಕಟ್ಟತೊಡಗಿತು. ಅವರು ಆಗ ಆಡುತ್ತಿದ್ದುದು ಮೇಜಿನ ಸುತ್ತ ಕುಳಿತು ಆಡುವ ಪಾತ್ರಾಭಿನಯದ ಆಟ. ಒಬ್ಬ ಸೂತ್ರಧಾರನಾಗಿ ಸನ್ನಿವೇಶ ಹೇಳುತ್ತಾನೆ. ಉಳಿದವರು ಒಂದೊಂದು ಪಾತ್ರ ವಹಿಸಿ ಮಾತನಾಡುತ್ತಾರೆ. ಕೆಲಸ ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ನಿರ್ಣಯಿಸುತ್ತದೆ. ಕರಾವಳಿ, ಮಲೆನಾಡುಗಳ ಶ್ರೋತೃಗಳಿಗೆ ಇದನ್ನು ಕೇಳಿದೊಡನೆ ತಾಳಮದ್ದಳೆಯ ನೆನಪಾದೀತು. ವೇಷವಿಲ್ಲ, ಕುಣಿತವಿಲ್ಲ; ಕುಳಿತಲ್ಲೇ ಮಾತಿನಿಂದ ಲೋಕ ಸೃಷ್ಟಿಯಾಗುತ್ತದೆ. ನಮ್ಮ ಅರ್ಥಧಾರಿಗಳಿಗೆ ಪುರಾಣದ ಪ್ರಸಂಗ ಮೊದಲೇ ಸಿದ್ಧವಾಗಿರುತ್ತದೆ. ಈ ಹುಡುಗರು ತಮ್ಮ ಪುರಾಣವನ್ನೂ ತಾವೇ ಕಟ್ಟಿಕೊಳ್ಳಬೇಕಾಗಿತ್ತು. ದೇಶಗಳು, ಅವುಗಳ ಇತಿಹಾಸ, ಸೋತ ಕ್ರಾಂತಿಗಳು, ಮೋಟಾರು ಗಾಡಿಗಳು, ಪಕ್ಷಗಳು, ಹಾಡುಗಳು, ಇವೆಲ್ಲ ವರ್ಷಗಟ್ಟಲೆ ಗೆಳೆಯರ ಮಾತಿನಲ್ಲಿ ಬೆಳೆದುವು. ಆ ಪ್ರಪಂಚಕ್ಕೆ 'ಎಲಿಸಿಯಂ' ಎಂಬ ಹೆಸರಾಯಿತು.

ಗುಂಪಿಗೆ ಇಟ್ಟುಕೊಂಡ ಹೆಸರಿನ ಹಿಂದೆಯೂ ಸಾಹಿತ್ಯವೇ ಇದೆ. ಸುಮಾರು ೧೯೧೩ರ ವೇಳೆಗೆ ಕ್ರುಚೋನಿಖ್, ಖ್ಲೆಬ್ನಿಕೋವ್ ಮೊದಲಾದ ರಷ್ಯನ್ ನವ್ಯಪಂಥದ ಕವಿಗಳು, ಅರ್ಥದ ಕಟ್ಟನ್ನು ಮೀರಿ ನಾದದಿಂದಲೇ ಮುಟ್ಟುವ ಒಂದು ಕಾವ್ಯಭಾಷೆಯನ್ನು ಹುಡುಕಿ ಅದನ್ನು 'ಝಾಉಮ್' ಎಂದು ಕರೆದರು; 'ಬುದ್ಧಿಯಾಚೆಗಿನದು' ಎಂದು ಅರ್ಥಮಾಡಬಹುದು. ಆ ಪದವನ್ನೇ ನಡುವೆ ಗೆರೆಯೆಳೆದು ಇವರು ತಮ್ಮದಾಗಿ ಮಾಡಿಕೊಂಡರು. ಮೊದಲು ಅದೊಂದು ಸಾಂಸ್ಕೃತಿಕ ಸಂಘ. ಸ್ಟುಡಿಯೊ ಆದದ್ದು ಆಮೇಲೆ.

೨೦೧೩ರಲ್ಲಿ ಕುರ್ವಿಟ್ಸ್ ಆ ಪ್ರಪಂಚದಲ್ಲಿ ನಡೆಯುವ ಒಂದು ಕಾದಂಬರಿಯನ್ನು ಎಸ್ಟೋನಿಯನ್ ಭಾಷೆಯಲ್ಲಿ ಪ್ರಕಟಿಸಿದ. 'ಪವಿತ್ರವೂ ಭಯಂಕರವೂ ಆದ ಗಂಧ' ಎಂದು ಅದರ ಹೆಸರನ್ನು ಕನ್ನಡಿಸಬಹುದು. ಮಾರಾಟವಾದದ್ದು ಸುಮಾರು ೧೦೦೦ ಪ್ರತಿ. ಶ್ರೋತೃಗಳೇ, ಕನ್ನಡದಲ್ಲಿ ಪುಸ್ತಕ ಬರೆದವರಿಗೆ ಈ ಸಾವಿರದ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೋಟಿಗಟ್ಟಲೆ ಜನರಾಡುವ ನಮ್ಮ ಭಾಷೆಯಲ್ಲೂ ಸಾವಿರ ಪ್ರತಿಯೆಂದರೆ ಒಂದು ಮುದ್ರಣ. ಅದು ಖರ್ಚಾಯಿತೆಂದರೆ ಪ್ರಕಾಶಕರ ಮುಖದಲ್ಲಿ ನಗೆ. ಹಾಗೆ ನೋಡಿದರೆ ೧೩ ಲಕ್ಷ ಜನರ ನಾಡಿನಲ್ಲಿ ಸಾವಿರ ಓದುಗರು ದೊರೆತದ್ದು ಅವಮಾನವೇನಲ್ಲ. ಆದರೆ ಯೌವನದ ಎಂಟು ವರ್ಷಗಳನ್ನು ಒಂದು ಲೋಕದ ಕಲ್ಪನೆಗೆ ತೆತ್ತವನಿಗೆ ಅದು ಸೋಲಾಗಿಯೇ ಕಂಡಿತು. ಆತ ಖಿನ್ನನಾದ, ಕುಡಿತಕ್ಕೆ ಬಿದ್ದ. ಮೂರು ವರ್ಷಗಳಷ್ಟು ಕಾಲ ಹಾಗೆಯೇ ಕಳೆಯಿತು.

ಅವನನ್ನು ಮತ್ತೆ ಕೆಲಸಕ್ಕೆ ಎಳೆದವನು ಕೌರ್ ಕೆಂಡರ್. ಈತನೂ ಎಸ್ಟೋನಿಯನ್ ಕಾದಂಬರಿಕಾರನೇ. ಆ ಪುಸ್ತಕ ಹೊರಬರಲು ನೆರವಾಗಿದ್ದವನು. ಕುರ್ವಿಟ್ಸ್ ತಾನು ಕುಡಿತದಿಂದ ಹೊರಬಂದು, ಕೆಂಡರನೂ ಅದನ್ನು ಬಿಡುವಂತೆ ನೆರವಾದ. ಆ ಋಣ ನೆನೆದು ಕೆಂಡರ್ ಒಂದು ಸಲಹೆ ಕೊಟ್ಟ: ಇನ್ನೊಂದು ಕಾದಂಬರಿ ಬೇಡ, ಇದೇ ಲೋಕವನ್ನು ಕಂಪ್ಯೂಟರ್ ಆಟವಾಗಿ ಮಾಡು, ಹೆಚ್ಚು ಜನಕ್ಕೆ ಮುಟ್ಟುತ್ತದೆ. ಆಟ ರಚಿಸಿದ ಅನುಭವ ಕುರ್ವಿಟ್ಸ್‌ಗೆ ಏನೇನೂ ಇರಲಿಲ್ಲ. ಹೇಗೂ ಸೋತಾಗಿದೆ, ಇದರಲ್ಲೂ ಒಟ್ಟಿಗೆ ಸೋಲೋಣ ಎಂಬಂತೆ ರೊಸ್ತೋವ್ ಜೊತೆಗೂಡಿದ. ಕೆಂಡರ್ ತನ್ನ ಹಣ ಹಾಕಿದ. ಬಂಧುಗಳು, ಸ್ನೇಹಿತರು ಕೈಲಾದದ್ದು ಕೊಟ್ಟರು. ೨೦೧೬ರಲ್ಲಿ ಸ್ಟುಡಿಯೊ ಆರಂಭವಾಯಿತು. ತಾಲಿನ್‌ನಲ್ಲಿ ಹಿಂದೆ ಚಿತ್ರಶಾಲೆಯಾಗಿದ್ದ ಒಂದು ಹಳೆಯ ಜಾಗದಲ್ಲಿ ಬೀಡುಬಿಟ್ಟು, ಅಲ್ಲಿಯೇ ವಾಸ, ಅಲ್ಲಿಯೇ ಕೆಲಸ.

ಇಂಥ ಅನನುಭವಿಗಳ ಗುಂಪು ಆಟ ಕಟ್ಟಲು ಹೇಗೆ ಸಾಧ್ಯವಾಯಿತೆಂದು ನೀವು ಕೇಳಬಹುದು. ಇದಕ್ಕೆ ಕಾಲದ ಅನುಕೂಲವೂ ಕಾರಣ. ಹಿಂದೆ ಆಟವೊಂದಕ್ಕೆ ಬೇಕಾದ ತಂತ್ರಾಂಶವನ್ನೆಲ್ಲ ತಾವೇ ಬರೆದುಕೊಳ್ಳಬೇಕಾಗಿತ್ತು. ತಟ್ಟೆಗಳಿಗೆ ತುಂಬಿ, ಡಬ್ಬಿಗೆ ಹಾಕಿ, ಅಂಗಡಿಗಳಿಗೆ ಕಳಿಸಲು ದೊಡ್ಡ ಕಂಪನಿಯ ಆಶ್ರಯ ಬೇಕಾಗಿತ್ತು. ೨೦೦೫ರಿಂದ ಈಚೆಗೆ 'ಯೂನಿಟಿ'ಯಂಥ ಸಿದ್ಧ ಸಾಧನಗಳು ಬಂದುವು. ಬೆಳಕು, ನೆರಳು, ಚಲನೆಗಳ ಲೆಕ್ಕವನ್ನು ಅವು ನೋಡಿಕೊಳ್ಳುತ್ತವೆ. ರಚಿಸುವವನು ಚಿತ್ರ ಮತ್ತು ಕಥೆಗೆ ಗಮನ ಕೊಡಬಹುದು. ೨೦೦೩ರಲ್ಲಿ ಆರಂಭವಾದ 'ಸ್ಟೀಮ್' ಎಂಬ ಅಂತರಜಾಲದ ಮಳಿಗೆಯ ಮೂಲಕ ಯಾರ ಆಟವೂ ಜಗತ್ತಿನ ಯಾವ ಮೂಲೆಗಾದರೂ ತಲುಪುವಂತಾಯಿತು. ಮಳಿಗೆಯವರು ಸಾಮಾನ್ಯವಾಗಿ ನೂರಕ್ಕೆ ಮೂವತ್ತು ಪಾಲು ಹಿಡಿದುಕೊಳ್ಳುತ್ತಾರೆ. ಅಚ್ಚುಮೊಳೆ ಅಗ್ಗವಾದಾಗ ಊರೂರಿಗೆ ಪತ್ರಿಕೆಗಳು ಹುಟ್ಟಿದಂತೆ, ಈ ಎರಡು ಅನುಕೂಲಗಳಿಂದ ದೇಶದೇಶಗಳಲ್ಲಿ ಸಣ್ಣ ಸ್ಟುಡಿಯೊಗಳು ಹುಟ್ಟಿಕೊಂಡುವು. ಝಾ/ಉಮ್ ಅವುಗಳಲ್ಲೊಂದು.

ಆದರೆ ಸಾಧನ ಅಗ್ಗವಾದರೂ ಮನುಷ್ಯರ ಕಾಲ ಅಗ್ಗವಲ್ಲ. ಬರೆಯುವವರಿಗೆ, ಬಿಡಿಸುವವರಿಗೆ ವರ್ಷಗಟ್ಟಲೆ ಅನ್ನ ಬೇಕು. ಹೊರಗಿನ ಬಂಡವಾಳ ತರಬೇಕಾಯಿತು. ಅದರ ದೊಡ್ಡ ಭಾಗವನ್ನು ಕೊಟ್ಟವನು ಮಾರ್ಗುಸ್ ಲಿನ್ನಾಮ್ಯಾ ಎಂಬ ಎಸ್ಟೋನಿಯನ್ ಉದ್ಯಮಿ. ಸಂಗೀತಕ್ಕಾಗಿ ಇಂಗ್ಲೆಂಡಿನ ವಾದ್ಯವೃಂದವೊಂದನ್ನು ಹುಡುಕಿಕೊಂಡು ಹೋದ ಕುರ್ವಿಟ್ಸ್, ಅಲ್ಲಿ ಕೆಲಸಕ್ಕೂ ಕಂಠದಾನಕ್ಕೂ ಹೆಚ್ಚಿನ ಅನುಕೂಲವಿರುವುದನ್ನು ಕಂಡ. ತಂಡದ ಹಲವರು ಲಂಡನ್, ಬ್ರೈಟನ್‌ಗಳಿಗೆ ಬಂದರು. ಮುಗಿಯುವ ಹೊತ್ತಿಗೆ ಒಳಗಿನವರೇ ೩೫ ಮಂದಿ, ಹೊರಗಿನಿಂದ ನೆರವಾದವರು ಸುಮಾರು ೨೦. ಹೆಲೆನ್ ಹಿಂದ್‌ಪೆರೆಯೇ ಮೊದಲಾದ ಬರಹಗಾರರು ಕುರ್ವಿಟ್ಸ್‌ನ ಜೊತೆ ಸೇರಿ ಬರೆದುದು ಹತ್ತು ಲಕ್ಷಕ್ಕೂ ಮಿಕ್ಕಿದ ಪದಗಳು. ಟಾಲ್‌ಸ್ಟಾಯ್ ಬರೆದ 'ಯುದ್ಧ ಮತ್ತು ಶಾಂತಿ' ಇಂಗ್ಲಿಷ್ ಅನುವಾದದಲ್ಲಿ ಆರು ಲಕ್ಷ ಪದಗಳೊಳಗೆ ಮುಗಿಯುತ್ತದೆ ಎಂದರೆ ಇದರ ಗಾತ್ರ ತಿಳಿದೀತು.

೨೦೧೯ರ ಅಕ್ಟೋಬರ್ ೧೫ರಂದು ಆಟ ಬಿಡುಗಡೆಯಾಯಿತು. ಆ ಡಿಸೆಂಬರಿನಲ್ಲಿ 'ದಿ ಗೇಮ್ ಅವಾರ್ಡ್ಸ್' ಸಮಾರಂಭದಲ್ಲಿ ಅತ್ಯುತ್ತಮ ಕಥನವೂ ಸೇರಿ ನಾಲ್ಕು ಪ್ರಶಸ್ತಿಗಳು ಬಂದುವು. ವೇದಿಕೆಯ ಮೇಲೆ ನಿಂತು ಹಿಂದ್‌ಪೆರೆ ಮಾರ್ಕ್ಸ್, ಎಂಗೆಲ್ಸರಿಗೆ ಕೃತಜ್ಞತೆ ಹೇಳಿದಳು. ೨೦೨೦ರಲ್ಲಿ ಬ್ರಿಟನ್ನಿನ ಬಾಫ್ಟಾ ಸಂಸ್ಥೆ ಚೊಚ್ಚಲ ಕೃತಿಗೆ, ಸಂಗೀತಕ್ಕೆ, ಕಥನಕ್ಕೆ ಹೀಗೆ ಮೂರು ಬಹುಮಾನ ಕೊಟ್ಟಿತು. ೨೦೨೧ರ ಮಾರ್ಚಿನಲ್ಲಿ, ಮಾತುಗಳಿಗೆಲ್ಲ ಕಂಠ ಕೊಟ್ಟ ಪರಿಷ್ಕೃತ ರೂಪ ಹೊರಬಂತು.

ಇಷ್ಟೆಲ್ಲ ಮನ್ನಣೆಗೆ ಅರ್ಹವಾದದ್ದು ಇದರೊಳಗೆ ಏನಿದೆ? ರೆವಶೋಲ್ ಎಂಬ ಕಲ್ಪಿತ ನಗರ. ಅರ್ಧ ಶತಮಾನದ ಹಿಂದೆ ಅಲ್ಲೊಂದು ಕ್ರಾಂತಿಯಾಗಿ, ಹೊರಗಿನ ಸೈನ್ಯಗಳು ಬಂದು ಅದನ್ನು ಹತ್ತಿಕ್ಕಿವೆ. ಗೋಡೆಗಳಲ್ಲಿ ಗುಂಡಿನ ಗುರುತು ಇನ್ನೂ ಮಾಸಿಲ್ಲ. ಬಂದರಿನಲ್ಲಿ ಕೂಲಿಕಾರರ ಮುಷ್ಕರ. ಒಂದು ಹೋಟೆಲಿನ ಹಿತ್ತಿಲ ಮರದಲ್ಲಿ ಒಂದು ಹೆಣ ತೂಗುತ್ತಿದೆ. ಅದರ ತನಿಖೆಗೆ ಬಂದ ಪೋಲೀಸ್ ಅಧಿಕಾರಿ ಮಿತಿಮೀರಿ ಕುಡಿದು, ಎಚ್ಚರವಾದಾಗ ತನ್ನ ಹೆಸರನ್ನೂ ಮರೆತಿದ್ದಾನೆ. ನಾವು ವಹಿಸಬೇಕಾದ ಪಾತ್ರ ಇವನೇ. ಕಾದಾಟದ ಆಟ ಇಲ್ಲಿಲ್ಲ. ಒಂದೆರಡು ಕಡೆ ಗುಂಡು ಹಾರಿದರೂ ಅದು ಮಾತಿನ ನಡುವೆಯೇ ನಡೆಯುತ್ತದೆ. ಉಳಿದಂತೆ ಜನರನ್ನು ಮಾತನಾಡಿಸುವುದು, ಅವರ ಮಾತು ಕೇಳುವುದು, ಇದೇ ಆಟ.

ಇವನ ತಲೆಯೊಳಗೆ ೨೪ ದನಿಗಳಿವೆ. ತರ್ಕ ಒಂದು ಹೇಳಿದರೆ ಅನುಕಂಪ ಇನ್ನೊಂದು ಹೇಳುತ್ತದೆ. ಭಯ ಕಿವಿಯಲ್ಲಿ ಪಿಸುಗುಡುತ್ತದೆ. ಚಟ ತನ್ನ ವಕಾಲತ್ತು ತಾನೇ ಮಾಡುತ್ತದೆ. ಮನೋವೃತ್ತಿಗಳನ್ನು ಪಾತ್ರಗಳನ್ನಾಗಿ ಮಾಡುವುದು ನಮಗೆ ಹೊಸತಲ್ಲ. ಹನ್ನೊಂದನೆಯ ಶತಮಾನದ ಕೃಷ್ಣಮಿಶ್ರ 'ಪ್ರಬೋಧಚಂದ್ರೋದಯ' ನಾಟಕದಲ್ಲಿ ವಿವೇಕ, ಮೋಹಗಳನ್ನು ರಂಗಕ್ಕೆ ತಂದಿದ್ದಾನೆ. ಆದರೆ ಅಲ್ಲಿ ಯಾರು ಗೆಲ್ಲಬೇಕೆಂಬುದು ಮೊದಲೇ ನಿಶ್ಚಿತ. ಇಲ್ಲಿ ಯಾವ ದನಿಯನ್ನು ನಂಬಬೇಕೆಂಬುದು ಓದುಗನ ಪಾಲಿನ ಕಷ್ಟ. ನಡುನಡುವೆ ಎರಡು ದಾಳಗಳು ಉರುಳುತ್ತವೆ. ಎರಡೂ ಆರು ಬಿದ್ದರೆ ಎಂಥ ಅಸಾಧ್ಯವೂ ಸಾಧ್ಯ. ಎರಡೂ ಒಂದು ಬಿದ್ದರೆ ಎಂಥ ಜಾಣನಿಗೂ ಸೋಲು. ಮೂವತ್ತಾರರಲ್ಲಿ ಒಂದು ಸಲ ಹಾಗೆ, ಒಂದು ಸಲ ಹೀಗೆ.

ನನ್ನನ್ನು ಹಿಡಿದು ನಿಲ್ಲಿಸಿದ ಗುಣವೊಂದನ್ನು ಹೇಳಬೇಕು. ಈ ಆಟದಲ್ಲಿ ಬಹುಪಾಲು ಸೋಲುಗಳು ಕಥೆಯನ್ನು ಮುಗಿಸುವುದಿಲ್ಲ. ದಾಳ ಕೈಕೊಟ್ಟು ಅಧಿಕಾರಿ ನಾಲ್ವರ ಮುಂದೆ ನಗೆಗೀಡಾಗುತ್ತಾನೆ. ಆ ನಾಚಿಕೆಯಿಂದಲೇ ಒಂದು ಹೊಸ ಮಾತು, ಎದುರಿನವರ ಮನಸ್ಸಿನ ಒಂದು ಹೊಸ ಬಾಗಿಲು ತೆರೆಯುತ್ತದೆ. ಜೊತೆಗಾರ ಕಿಮ್ ಕಿತ್ಸುರಾಗಿ ಎಂಬ ಮಿತಭಾಷಿ ಅಧಿಕಾರಿ ಇವನ ಹುಚ್ಚಾಟಗಳನ್ನೆಲ್ಲ ನೋಡಿಯೂ ಪಕ್ಕದಿಂದ ಸರಿಯುವುದಿಲ್ಲ. ಕುಡಿದು ನಾಶವಾದವನೊಬ್ಬ ಒಬ್ಬ ಗೆಳೆಯನ ಬಲದಿಂದ ಮತ್ತೆ ಎದ್ದು ನಿಲ್ಲಲು ಹೆಣಗುವ ಈ ಕಥೆಯನ್ನು ಬರೆದವನು, ಸಾವಿರ ಪ್ರತಿಗಳ ಸೋಲಿನಿಂದ ಗೆಳೆಯರ ಕೈಹಿಡಿದು ಎದ್ದುಬಂದವನು ಎಂಬುದನ್ನು ತಿಳಿದಮೇಲೆ, ನನಗೆ ಆ ಪುಟಗಳು ಬೇರೆಯಾಗಿಯೇ ಕಂಡುವು.

ಆದರೂ ಒಂದು ಕೊರಗು ಉಳಿಯುತ್ತದೆ. ಕಾದಂಬರಿ ಎಸ್ಟೋನಿಯನ್ ಭಾಷೆಯಲ್ಲಿತ್ತು. ಆಟವನ್ನು ಅವರು ಬರೆದದ್ದು ಇಂಗ್ಲಿಷಿನಲ್ಲಿ. ತಾಯ್ನುಡಿಯಲ್ಲಿ ಸಾವಿರ, ಪರಭಾಷೆಯಲ್ಲಿ ಲಕ್ಷ ಲಕ್ಷ. ಬಂಡವಾಳ ಹಿಂತಿರುಗಬೇಕಾದರೆ ಬೇರೆ ದಾರಿ ಇರಲಿಲ್ಲ, ಒಪ್ಪುತ್ತೇನೆ. ಆದರೆ ಎಸ್ಟೋನಿಯನ್ ಭಾಷೆಯ ಮೇಜಿನ ಸುತ್ತ ಹುಟ್ಟಿದ ಆ ಲೋಕ ಊರು ಬಿಟ್ಟು ಹೊರಡುವಾಗ ಆ ನುಡಿಯನ್ನು ಮನೆಯಲ್ಲೇ ಬಿಟ್ಟು ಹೊರಡಬೇಕಾಯಿತಲ್ಲ ಎಂದು ಒಬ್ಬ ಭಾಷಾಶಿಕ್ಷಕನಿಗೆ ಅನಿಸದೆ ಇರದು.

ಇನ್ನು ಕಥೆಯ ಉತ್ತರಾರ್ಧ. ೨೦೨೨ರ ಅಕ್ಟೋಬರಿನಲ್ಲಿ, ಸಂಘದ ಸ್ಥಾಪಕರಲ್ಲೊಬ್ಬನಾದ ಮಾರ್ಟಿನ್ ಲುಯಿಗಾ ಒಂದು ಸಂಗತಿಯನ್ನು ಬಹಿರಂಗಪಡಿಸಿದ. ಕುರ್ವಿಟ್ಸ್, ರೊಸ್ತೋವ್, ಹಿಂದ್‌ಪೆರೆ ಮೂವರೂ ಹಿಂದಿನ ವರ್ಷದ ಕೊನೆಯಲ್ಲೇ ಸ್ಟುಡಿಯೊದಿಂದ ಹೊರಗಾಗಿದ್ದಾರೆ, ಅದು ಅವರ ಇಚ್ಛೆಯಿಂದ ಆದದ್ದಲ್ಲ ಎಂದು. ಸಾಂಸ್ಕೃತಿಕ ಸಂಘವನ್ನೂ ವಿಸರ್ಜಿಸಿರುವುದಾಗಿ ಆತ ಸಾರಿದ. ಕಂಪನಿಯ ಒಡೆತನ ಅನ್ಯಾಯವಾಗಿ ಕೈಬದಲಾಯಿತೆಂದು ಕುರ್ವಿಟ್ಸ್, ರೊಸ್ತೋವ್ ಬಹಿರಂಗ ಪತ್ರ ಬರೆದರು. ಆಡಳಿತದವರು ಅದನ್ನು ಅಲ್ಲಗಳೆದು, ಅವರನ್ನು ತೆಗೆದುದಕ್ಕೆ ಬೇರೆಯೇ ಕಾರಣಗಳಿವೆಯೆಂದರು. ನ್ಯಾಯ ಯಾರ ಕಡೆಗಿದೆಯೆಂದು ದೂರದಲ್ಲಿ ಕುಳಿತ ನಾನು ತೀರ್ಪು ಕೊಡಲಾರೆ. ಎರಡೂ ಪಕ್ಷದವರಿಗೆ ಅವರವರ ಮಾತು ಇದೆ. ಆದರೆ ಪರಿಣಾಮ ಮಾತ್ರ ಸ್ಪಷ್ಟ: ಹದಿನೈದು ವರ್ಷಗಳ ಹಿಂದೆ ಮೇಜಿನ ಸುತ್ತ ಕುಳಿತು ಆ ಲೋಕವನ್ನು ಕನಸಿದವರು ಹೊರಗೆ, ಅದರ ಹೆಸರು, ಅದರ ಹಕ್ಕು ಒಳಗೆ.

ಇದನ್ನು ಓದಿದಾಗ ನನಗೆ ನನ್ನದೇ ಒಂದು ಹಳೆಯ ಗಾಯ ನೆನಪಾಯಿತು. ೧೯೮೬ರಲ್ಲಿ ನಾವು ನಾಲ್ವರು ಸ್ನೇಹಿತರು ಸೇರಿ ಒಂದು ತ್ರೈಮಾಸಿಕ ಹೊರಡಿಸಿದೆವು. ಲೇಖನ ತರುವುದು ನಾವು, ಕರಡು ತಿದ್ದುವುದು ನಾವು, ಅಂಚೆಚೀಟಿ ಅಂಟಿಸುವುದೂ ನಾವೇ. ಕಾಗದಕ್ಕೂ ಅಚ್ಚಿಗೂ ಹಣ ಕೊಟ್ಟ ಹಿತೈಷಿಯೊಬ್ಬರ ಹೆಸರಿನಲ್ಲಿ ಪತ್ರಿಕೆಯನ್ನು ನೋಂದಾಯಿಸಿದ್ದೆವು. ಗೆಳೆತನದ ನಡುವೆ ಕರಾರಿನ ಮಾತೆತ್ತುವುದು ನಮಗೆ ಸಣ್ಣತನವಾಗಿ ಕಂಡಿತ್ತು. ಹನ್ನೊಂದು ಸಂಚಿಕೆ ಬಂದುವು. ಹನ್ನೆರಡನೆಯದರ ಹೊತ್ತಿಗೆ ಒಂದು ಲೇಖನದ ಬಗ್ಗೆ ಭಿನ್ನಾಭಿಪ್ರಾಯ ಬಂದು, ಹೆಸರೂ ಚಂದಾದಾರರ ಪಟ್ಟಿಯೂ ನಮ್ಮದಲ್ಲವೆಂಬುದು ನಮಗೆ ತಿಳಿಯಿತು. ಪತ್ರಿಕೆ ನಿಂತಿತು. ದುಃಖ ಅದಲ್ಲ, ನಾಲ್ವರಲ್ಲಿ ಇಬ್ಬರು ಆಮೇಲೆ ಒಬ್ಬರ ಮನೆಯ ಹೊಸ್ತಿಲನ್ನು ಇನ್ನೊಬ್ಬರು ತುಳಿಯಲಿಲ್ಲ. ಆ ಇಬ್ಬರಲ್ಲಿ ನಾನೂ ಒಬ್ಬ.

ಆದ್ದರಿಂದ 'ಸ್ವತಂತ್ರ' ಎಂಬ ವಿಶೇಷಣವನ್ನು ಕೇಳಿದಾಗ, ಯಾರಿಂದ ಸ್ವತಂತ್ರ ಎಂದು ಈಗ ನಾನು ಕೇಳಿಕೊಳ್ಳುತ್ತೇನೆ. ಝಾ/ಉಮ್ ದೊಡ್ಡ ಪ್ರಕಾಶಕರಿಂದ ಸ್ವತಂತ್ರವಾಗಿತ್ತು; ಬಂಡವಾಳದಿಂದ ಸ್ವತಂತ್ರವಾಗಿರಲಿಲ್ಲ. ಹಣ ಕೊಟ್ಟವರಿಗೆ ಹಕ್ಕೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಅವರಿಲ್ಲದಿದ್ದರೆ ಆ ಹತ್ತು ಲಕ್ಷ ಪದಗಳು ಕಾಗದದ ಮೇಲೂ ಬರುತ್ತಿರಲಿಲ್ಲವೇನೋ. ಆದರೆ ಒಂದು ಲೋಕವನ್ನು ಕಲ್ಪಿಸಿದ ಮನಸ್ಸುಗಳಿಗೂ ಅದರ ಮೇಲಣ ಷೇರುಪತ್ರಕ್ಕೂ ನಂಟು ಕಡಿದುಹೋದರೆ, ಉಳಿಯುವುದು ಹೆಸರಿನ ಫಲಕ ಮಾತ್ರ. ೨೦೨೪ರ ಫೆಬ್ರವರಿಯಲ್ಲಿ ಆ ಸ್ಟುಡಿಯೊ ಕೈಗೊಂಡಿದ್ದ ಒಂದು ಯೋಜನೆ ರದ್ದಾಗಿ, ಸುಮಾರು ಕಾಲುಭಾಗದಷ್ಟು ಕೆಲಸಗಾರರಿಗೆ ಕುತ್ತು ಬಂದ ಸುದ್ದಿ ಹೊರಬಿತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ, ಹಿಂದೆ ಅಲ್ಲಿ ದುಡಿದವರು ಸೇರಿದ ಮೂರು ಹೊಸ ತಂಡಗಳು ಒಂದರ ಬೆನ್ನಿಗೊಂದು ತಮ್ಮ ಹುಟ್ಟನ್ನು ಸಾರಿದುವು. ಅವುಗಳಲ್ಲಿ 'ಸಮ್ಮರ್ ಎಟರ್ನಲ್' ಎಂಬುದು, ಒಡೆತನವನ್ನು ಸಹಕಾರಿ ತತ್ತ್ವದ ಮೇಲೆ ಹಂಚಿಕೊಳ್ಳುವುದಾಗಿ ಹೇಳಿತು. ಪಾಠ ಕಲಿತವರ ಮಾತು ಅದು. ಮೂಲ ಸ್ಟುಡಿಯೊ ಕೂಡ ೨೦೨೫ರಲ್ಲಿ ತನ್ನ ಇನ್ನೊಂದು ಆಟವನ್ನು ಘೋಷಿಸಿತು.

ನಮ್ಮ ಊರುಗಳಲ್ಲೂ ನಾಲ್ಕೈದು ಜನ ತರುಣರು ಸೇರಿ ಆಟವನ್ನೋ ಚಲನಚಿತ್ರವನ್ನೋ ಪತ್ರಿಕೆಯನ್ನೋ ಮಾಡಲು ಹೊರಡುವುದನ್ನು ನೋಡುತ್ತೇನೆ. ಅವರಿಗೆ ಹಿರಿಯನಾಗಿ ನಾನು ಹೇಳಬಹುದಾದದ್ದು ಎರಡು ಮಾತು. ಸಾವಿರ ಪ್ರತಿಯನ್ನು ಸೋಲೆಂದು ತಿಳಿಯಬೇಡಿ. ಮುಂದಿನ ಹತ್ತು ಲಕ್ಷ ಪದಗಳ ಬೇರು ಅಲ್ಲಿಯೇ ಇದ್ದೀತು. ಇನ್ನೊಂದು, ಯಾರದು ಯಾವುದು, ಬೇರೆಯಾದರೆ ಏನು ಎಂಬುದನ್ನು ಗೆಳೆತನ ಗಟ್ಟಿಯಾಗಿರುವಾಗಲೇ ಒಂದು ಹಾಳೆಯ ಮೇಲೆ ಬರೆದು ಎಲ್ಲರೂ ರುಜು ಹಾಕಿ. ಅದು ಅಪನಂಬಿಕೆಯಲ್ಲ. ಹಣವೂ ಹೆಸರೂ ಬಂದ ಮೇಲೆ ಅದೇ ಮಾತನ್ನು ಆಡಹೊರಟರೆ ಯಾರ ಬಾಯಿಂದಲೂ ಅದು ಸಲೀಸಾಗಿ ಹೊರಡುವುದಿಲ್ಲ.

ಲ್ಯಾಪ್‌ಟಾಪು ಹಿಂತಿರುಗಿಸುವಾಗ ಶಿಷ್ಯ ಕೇಳಿದ, "ಹೇಗನಿಸಿತು, ಸಾರ್?" ಓದಿದೆ, ಆಡಿದೆ ಕೂಡ ಎಂದೆ. ಅವನು ಹೋದ ಮೇಲೆ ಬಹಳ ವರ್ಷಗಳಿಂದ ಮಾತು ಬಿಟ್ಟಿದ್ದ ಆ ಹಳೆಯ ಗೆಳೆಯನಿಗೆ ಒಂದು ಕಾಗದ ಬರೆದು ಹಾಕಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಈ ಮಾತುಗಳು ಅವನ ಮನೆಯ ರೇಡಿಯೋದಲ್ಲಿ ಕೇಳಿಸುತ್ತಿದ್ದರೆ, ಅದನ್ನೂ ಕಾಗದದ ಮುಂದುವರಿಕೆಯೆಂದೇ ಅವನು ತಿಳಿಯಲಿ.